ದಲಾಲಿ ಅಂಗಡಿಯ ವೆಬ್‌ಸೈಟಿಗೂ ಸ್ವಂತ ಟ್ಯಾಗು ಬೇಕು

ಬ್ಯಾಡಗಿಯ ದಲಾಲರು, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು, ಹಾವೇರಿಯ ಏಲಕ್ಕಿ ಹಾರದವರು ನಡೆಸುವ ಸಣ್ಣ ಸೈಟುಗಳಿಗೆ ನಾವೇ ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಎಚ್‌ಟಿಎಂಎಲ್ ಟ್ಯಾಗು ಬೇಡವೆಂದು ವಾದಿಸುವವರಿಗೆ ಈ ಉತ್ತರ.

ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದು ನಡೆಯದು, ಸ್ವಂತ ಸರ್ವರ್ ಬೇಕು ಎನ್ನುತ್ತಾರೆ. ತಪ್ಪು. ಟ್ಯಾಗನ್ನು ನಡೆಸುವುದು ಓದುಗನ ಬ್ರೌಸರ್. ಫೈಲ್ ಮ್ಯಾನೇಜರಿನಲ್ಲಿ ಫೋಟೊ ಏರಿಸುವಂತೆ ಒಂದು ಜಾವಾಸ್ಕ್ರಿಪ್ಟ್ ಫೈಲ್ ಏರಿಸಿದರೆ ಸಾಕು. ನಾಳೆ ಹೋಸ್ಟಿಂಗ್ ಕಂಪನಿ ಪಿಎಚ್‌ಪಿ ಆವೃತ್ತಿ ಬದಲಿಸಿದರೂ ಅದಕ್ಕೆ ಧಕ್ಕೆಯಿಲ್ಲ.

ನಾಲ್ಕಾರು ಪುಟಗಳಿಗೆ ಕಾಪಿ-ಪೇಸ್ಟ್ ಸಾಲದೇ ಎಂಬುದು ಎರಡನೆಯ ವಾದ. ನನ್ನ ತಕರಾರೆಲ್ಲ ಇಲ್ಲೇ. ಬ್ಯಾಡಗಿಯಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿಗೊಂದು ದರ, ಕಡ್ಡಿ ತಳಿಗೊಂದು ದರ. ಒಂದೇ ತಳಿಯಲ್ಲೂ ಬಣ್ಣ, ತೇವ ನೋಡಿ ಲಾಟಿನಿಂದ ಲಾಟಿಗೆ ದರ ಏರಿಳಿಯುತ್ತದೆ. ಟೆಂಡರ್ ಮುಗಿದ ಸಂಜೆ ಗುಮಾಸ್ತರು ಮುಖಪುಟದಲ್ಲಿ ದರ ತಿದ್ದಿ, ಒಳಪುಟ ಮರೆತರೆ? ಬಳ್ಳಾರಿ, ರಾಯಚೂರು ಕಡೆಯ ರೈತ ಹಳೆಯ ದರ ನಂಬಿ ಗಾಡಿಗೆ ಚೀಲ ಏರಿಸುತ್ತಾನೆ. ನಷ್ಟ ಅವನದು, ಕೋಡ್ ಬರೆದವನದಲ್ಲ. ದರಗಳೆಲ್ಲ ಒಂದೇ ಫೈಲಿನಲ್ಲಿದ್ದು, ಪುಟಗಳಲ್ಲಿ ‘ತಳಿ: ಡಬ್ಬಿ’ ಎಂದು ಸೂಚಿಸುವ ಟ್ಯಾಗಷ್ಟೇ ಇದ್ದರೆ ಒಂದು ಕಡೆ ತಿದ್ದಿದ್ದು ಎಲ್ಲ ಕಡೆಗೂ ತಲುಪುತ್ತದೆ. ರೈತನ ಮುಂದೆ ಎರಡು ದರ ಇಡುವ ಸೈಟು ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಹಳೆಯ ಮೊಬೈಲಿನಲ್ಲಿ ಓಡದು ಎಂಬ ಆತಂಕಕ್ಕೆ ಈಗ ಹೆಚ್ಚು ಆಧಾರವಿಲ್ಲ. ಕ್ರೋಮ್ 2016ರಿಂದ, ಫೈರ್‌ಫಾಕ್ಸ್ 2018ರಿಂದ ಈ ಸೌಲಭ್ಯ ಕೊಟ್ಟಿವೆ. ಅದಕ್ಕೂ ಹಳೆಯ ಬ್ರೌಸರ್, ಗೊತ್ತಿಲ್ಲದ ಟ್ಯಾಗಿನ ಒಳಗಿರುವ ಮಾತನ್ನು ಹಾಗೆಯೇ ತೋರಿಸುತ್ತದೆ. ‘ಇಂದಿನ ದರಕ್ಕೆ ಫೋನ್ ಮಾಡಿ’ ಎಂದು ಅಲ್ಲಿ ನಂಬರು ಬರೆದಿಡಿ.

ಹುಡುಕು ತಾಣಗಳಿಗೆ ಪುಟ ಖಾಲಿ ಕಾಣಬಹುದು ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಜಾವಾಸ್ಕ್ರಿಪ್ಟ್ ತುಂಬುವ ಮಾತು ಎಲ್ಲ ತಾಣಗಳಿಗೂ ಕಾಣುವುದಿಲ್ಲ. ಆದ್ದರಿಂದ ಅಂಗಡಿಯ ಹೆಸರು, ಊರು, ಸರಕು ಇವನ್ನು ಸಾದಾ ಎಚ್‌ಟಿಎಂಎಲ್‌ನಲ್ಲೇ ಬರೆಯಿರಿ. ತಲೆಪಟ್ಟಿ, ಅಡಿಪಟ್ಟಿಗಳಿಗೆ ಪಿಎಚ್‌ಪಿ ಇನ್‌ಕ್ಲೂಡ್ ಬಳಸಿ. ದಿನದಿನಕ್ಕೆ ಬದಲಾಗುವ ದರವನ್ನು ಮಾತ್ರ ಟ್ಯಾಗಿಗೆ ಬಿಡಿ.

ನಾಳೆ ಎಚ್‌ಟಿಎಂಎಲ್‌ಗೇ ಅದೇ ಹೆಸರಿನ ಟ್ಯಾಗು ಬಂದರೆ? ಬರುವುದಿಲ್ಲ. ಸ್ವಂತ ಟ್ಯಾಗಿನ ಹೆಸರಲ್ಲಿ ಅಡ್ಡಗೆರೆ ಕಡ್ಡಾಯ ಮಾಡಿರುವುದೇ ಈ ಘರ್ಷಣೆ ತಪ್ಪಿಸಲು. ಹೆಸರಿನ ಮೊದಲಕ್ಷರ ಇಂಗ್ಲಿಷಿನ ಸಣ್ಣಕ್ಷರವಾಗಿರಬೇಕು. ಅಡ್ಡಗೆರೆಯ ನಂತರ ‘ಮೆಣಸಿನದರ’ ಎಂದು ಕನ್ನಡದಲ್ಲೇ ಬರೆಯಬಹುದು. ಮುಂದೆ ಸೈಟು ನೋಡಿಕೊಳ್ಳುವವರಿಗೆ ಕೋಡ್ ಅರ್ಥವಾಗದು ಎನ್ನುವವರು ಇದನ್ನೊಮ್ಮೆ ಅಂಗಡಿಯ ಗುಮಾಸ್ತರಿಗೆ ತೋರಿಸಿ ನೋಡಲಿ.