ನೀಲಗಿರಿಯ ಅತಿಥಿಗಳೂ ನಿವಾಸಿಗಳೂ

ವೈಶಾಖದ ಬಿಸಿಲು ಏರಿದೊಡನೆ ಬೆಂಗಳೂರು ಮೈಸೂರುಗಳ ಗೃಹಸ್ಥರ ಮನೆಗಳಲ್ಲಿ "ಈ ಸಲ ಊಟಿಗೆ ಯಾವಾಗ?" ಎಂಬ ಪ್ರಶ್ನೆ ಏಳುವುದು ವಾಡಿಕೆಯಾಗಿಹೋಗಿದೆ. ಮಕ್ಕಳ ಪರೀಕ್ಷೆಗಳು ಮುಗಿದಿರುತ್ತವೆ. ಕಚೇರಿಯವರಿಗೆ ರಜೆ ದೊರೆತಿರುತ್ತದೆ. ಗುಂಡ್ಲುಪೇಟೆಯನ್ನು ದಾಟಿ, ಬಂಡೀಪುರ ಮುದುಮಲೆಗಳ ಕಾಡನ್ನು ಹಾಯ್ದು, ಗೂಡಲೂರಿನ ಘಟ್ಟವನ್ನೇರಿ ಉದಕಮಂಡಲವನ್ನು ಸೇರುವವರು ಎರಡು ದಿನ ಕೆರೆಯಲ್ಲಿ ದೋಣಿ ನಡೆಸಿ, ದೊಡ್ಡಬೆಟ್ಟದ ನೆತ್ತಿಯಲ್ಲಿ ಗಾಳಿಗೆ ಮುಖವೊಡ್ಡಿ, ಚಹದ ಪೊಟ್ಟಣವನ್ನೂ ತೈಲದ ಸೀಸೆಯನ್ನೂ ಕೊಂಡು ಹಿಂದಿರುಗುತ್ತಾರೆ. ಇದರಲ್ಲಿ ದೋಷವೇನೂ ಇಲ್ಲ. ದುಡಿದು ದಣಿದ ದೇಹಕ್ಕೆ ತಂಪು ಬೇಕು, ಮನಸ್ಸಿಗೆ ವಿಶ್ರಾಂತಿ ಬೇಕು. ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನಾವು ಎರಡು ದಿನ ಕಂಡು ಬರುವ ಬೆಟ್ಟ ಒಂದು. ಅಲ್ಲಿಯ ಜನ ವರ್ಷದ ಹನ್ನೆರಡು ತಿಂಗಳೂ ಬಾಳುವ ಬೆಟ್ಟ ಇನ್ನೊಂದು. ಈ ಎರಡಕ್ಕೂ ನಡುವೆ ಬೆಳೆಯುತ್ತಿರುವ ಅಂತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಎರಡು ಅಂಕಿಗಳನ್ನು ನೋಡೋಣ. 2001ರ ಜನಗಣತಿಯಲ್ಲಿ ನೀಲಗಿರಿ ಜಿಲ್ಲೆಯ ಜನಸಂಖ್ಯೆ 7,62,141 ಇದ್ದಿತು. 2011ರ ಜನಗಣತಿಯಲ್ಲಿ ಅದು 7,35,394ಕ್ಕೆ ಇಳಿಯಿತು. ತಮಿಳುನಾಡಿನ ಒಟ್ಟು ಜನಸಂಖ್ಯೆ ಏರುತ್ತಿದ್ದ ಅದೇ ದಶಕದಲ್ಲಿ ಈ ಬೆಟ್ಟದ ಜಿಲ್ಲೆಯಿಂದ ಇಪ್ಪತ್ತಾರು ಸಾವಿರಕ್ಕಿಂತ ಹೆಚ್ಚು ಮಂದಿ ಕಡಮೆಯಾದರು. ಕ್ಷಾಮವೂ ಬರಲಿಲ್ಲ, ಮಹಾಮಾರಿಯೂ ಬರಲಿಲ್ಲ. ಆದರೂ ಜನ ಕಡಮೆಯಾದರು. ಇತ್ತ, 2024ರ ಏಪ್ರಿಲಿನಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದ ವಿವರಗಳಂತೆ, ಬೇಸಗೆಯ ಕಾಲದಲ್ಲಿ ದಿನವೊಂದಕ್ಕೆ ಸುಮಾರು 20,000 ವಾಹನಗಳು ಈ ಬೆಟ್ಟವನ್ನು ಏರುತ್ತಿದ್ದವು. ನೋಡಲು ಬರುವವರು ಹೆಚ್ಚುತ್ತ ಹೋಗುವುದು, ಬಾಳಲು ನಿಲ್ಲುವವರು ಕುಗ್ಗುತ್ತ ಹೋಗುವುದು: ಇದು ಏಳಿಗೆಯ ಲಕ್ಷಣವೆಂದು ಯಾರೂ ಹೇಳಲಾರರು.

ನೀಲಗಿರಿ ಕನ್ನಡಿಗರಿಗೆ ಪರಕೀಯವಾದ ನೆಲವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆಯೇ ಅದು ಮೈಸೂರಿನ ಕೈಯಿಂದ ಕಂಪನಿ ಸರ್ಕಾರದ ಕೈಗೆ ಹೋಯಿತು. ಅಲ್ಲಿಯ ಅತ್ಯುನ್ನತ ಶಿಖರ 2,637 ಮೀಟರು ಎತ್ತರದ್ದು. ಅದರ ಹೆಸರು ದೊಡ್ಡಬೆಟ್ಟ. ಇದಕ್ಕೆ ಅರ್ಥ ಹೇಳಲು ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಅಲ್ಲಿಯ ಹಟ್ಟಿಗಳಲ್ಲಿ ನೆಲಸಿರುವ ಬಡಗರು, ತಮ್ಮ ಪೂರ್ವಿಕರು ಬಡಗಣ ದಿಕ್ಕಿನ ಮೈಸೂರು ಸೀಮೆಯಿಂದ ಬಂದವರೆಂದು ಹೇಳಿಕೊಳ್ಳುತ್ತಾರೆ. ಅವರ ನುಡಿ ಕನ್ನಡದ ಒಡಹುಟ್ಟು. ಅವರ ಜೊತೆಯಲ್ಲಿ ಎಮ್ಮೆಗಳನ್ನು ಸಾಕುವ ತೋಡರು, ಕಮ್ಮಾರಿಕೆ ಕುಂಬಾರಿಕೆಗಳನ್ನು ಬಲ್ಲ ಕೋತರು, ಕಾಡಿನ ಮರ್ಮವನ್ನರಿತ ಕುರುಂಬರು ಪರಸ್ಪರ ಕೊಡುಕೊಳೆಯಿಂದ ಶತಮಾನಗಳ ಕಾಲ ಬಾಳಿದರು. ಬಡಗರು ಧಾನ್ಯವನ್ನು ಕೊಟ್ಟರೆ ತೋಡರು ಹಾಲು ತುಪ್ಪಗಳನ್ನು ಕೊಡುವರು. ಕೋತರು ಗುಳ ಮಡಕೆಗಳನ್ನು ಒದಗಿಸುವರು. ಬೆಟ್ಟವು ಯಾರಿಗೂ ವಿಹಾರಸ್ಥಳವಾಗಿರಲಿಲ್ಲ, ಎಲ್ಲರಿಗೂ ಮನೆಯಾಗಿದ್ದಿತು.

ಬೆಟ್ಟವನ್ನು ವಿಹಾರಸ್ಥಳವಾಗಿ ಮಾಡಿದವರು ಆಂಗ್ಲರು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ನನು 1819ರಲ್ಲಿ ಮೇಲೇರಿದನು. 1822ರಲ್ಲಿ ಉದಕಮಂಡಲದಲ್ಲಿ ತನ್ನ ಕಲ್ಲುಮನೆಯ ಕಟ್ಟಡವನ್ನು ಆರಂಭಿಸಿದನು. ಕೆರೆಯನ್ನು ಕಟ್ಟಿಸಿದವನೂ ಅವನೇ. ತೋಡರ ಭೂಮಿಯ ಹಕ್ಕನ್ನು ಎತ್ತಿಹಿಡಿದು ತನ್ನ ಮೇಲಧಿಕಾರಿಗಳೊಡನೆ ವಾದಿಸಿದನೆಂಬ ಯಶಸ್ಸನ್ನೂ ಅವನಿಗೆ ಸಲ್ಲಿಸಬೇಕು. ಆದರೆ ಅವನ ಹಿಂದೆ ಬಂದವರಿಗೆ ಆ ಸಂಕೋಚವಿರಲಿಲ್ಲ. 1870ರಿಂದೀಚೆಗೆ ಮದರಾಸಿನ ಸರ್ಕಾರವೇ ವರ್ಷದಲ್ಲಿ ಹಲವು ತಿಂಗಳು ಬೆಟ್ಟದ ಮೇಲಿಂದ ಆಳತೊಡಗಿತು. 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ಹಲ್ಲುಹಳಿಯ ರೈಲು ಬಂದಿತು. ನಮ್ಮ ಮೈಸೂರು ಅರಸರ ಫರ್ನ್‌ಹಿಲ್ ಅರಮನೆಯೂ ಸೇರಿದಂತೆ ಸಂಸ್ಥಾನಿಕರ ಬೇಸಗೆಯ ಬಿಡಾರಗಳು ಒಂದೊಂದಾಗಿ ಎದ್ದವು. ಹುಲ್ಲುಗಾವಲುಗಳಲ್ಲಿ ಕುದುರೆಯೇರಿ ಬೇಟೆಯಾಡುವುದು, ಕ್ಲಬ್ಬಿನಲ್ಲಿ ಮೇಜಿನ ಚೆಂಡಾಟ, ತೋಟದಲ್ಲಿ ಹೂವಿನ ಪ್ರದರ್ಶನ: ಹೀಗೆ ಋತುವಿನ ನಿವಾಸಿಗಳ ಒಂದು ಪುಟ್ಟ ಜಗತ್ತು ಬೆಟ್ಟದ ನಿವಾಸಿಗಳ ಜಗತ್ತಿನ ಮೇಲೆ ಕುಳಿತಿತು.

ಈ ಪದ್ಧತಿಯನ್ನು ನಮ್ಮ ದೇಶದ ನಾಯಕರು ಕಟುವಾಗಿ ಖಂಡಿಸಿದರು. 1921ರಲ್ಲಿ ಗಾಂಧೀಜಿಯವರು ಸಿಮ್ಲಾದ ಸರ್ಕಾರವನ್ನು ಐನೂರನೆಯ ಅಂತಸ್ತಿನಿಂದ ನಡೆಯುವ ಆಡಳಿತವೆಂದು ಟೀಕಿಸಿದುದು ಪ್ರಸಿದ್ಧವಾಗಿದೆ. ಬಯಲಿನ ಜನರ ಸುಖದುಃಖಗಳಿಂದ ಅಷ್ಟು ಎತ್ತರಕ್ಕೆ ಸರಿದು ಕುಳಿತವರು ಹೇಗೆ ನ್ಯಾಯವಾಗಿ ಆಳಿಯಾರು ಎಂಬುದು ಆಗಿನ ಪ್ರಶ್ನೆ. ಈಗ ಆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಾಗಿದೆ. ಬೆಟ್ಟದ ಜನರ ಸುಖದುಃಖಗಳನ್ನು ಅರಿಯದೆ ಬಯಲಿನ ನಾವು ಬೆಟ್ಟವನ್ನು ಭೋಗಿಸುವುದು ನ್ಯಾಯವೇ? ಸಾಹೇಬರು ಹೋದರು, ಆದರೆ ಸಾಹೇಬರ ಬೇಸಗೆ ಹೋಗಲಿಲ್ಲ. ಅವರ ಬಂಗಲೆಗಳ ಪಕ್ಕದಲ್ಲಿ ನಮ್ಮವರ ಬಂಗಲೆಗಳು ಎದ್ದಿವೆ. ವರ್ಷದ ಬಹುಭಾಗ ಬೀಗ ಹಾಕಿಕೊಂಡು, ಮೇ ತಿಂಗಳಲ್ಲಿ ಮಾತ್ರ ಕಿಟಕಿ ತೆರೆಯುವ ಆ ಮನೆಗಳಿಗೂ ನೀರು ಬೇಕು, ರಸ್ತೆ ಬೇಕು, ದೀಪ ಬೇಕು. ಅವುಗಳನ್ನು ಕಾಯುವುದಕ್ಕೆ ಹಟ್ಟಿಯ ಮಗನು ಕಾವಲುಗಾರನಾಗಿ ನಿಲ್ಲಬೇಕು. ಪರಂಗಿಯವನ ದರ್ಪವು ತೊಲಗಿದ ಬಳಿಕ ಅದೇ ದರ್ಪವನ್ನು ನಾವು ತೊಟ್ಟುಕೊಂಡರೆ ಸ್ವರಾಜ್ಯವು ಬೆಟ್ಟವನ್ನು ಏರಿತೆಂದು ಹೇಗೆ ಹೇಳೋಣ?

ಬೆಟ್ಟದ ಮಕ್ಕಳು ಏಕೆ ಇಳಿದುಹೋಗುತ್ತಿದ್ದಾರೆಂಬುದು ಗೂಢವಲ್ಲ. ಒಂದು ಕಾಲದಲ್ಲಿ ರಾಗಿ, ಸಾಮೆ, ಆಲೂಗೆಡ್ಡೆಗಳನ್ನು ಬೆಳೆಯುತ್ತಿದ್ದ ಬಡಗರು ಕ್ರಮೇಣ ಚಹವನ್ನು ನಂಬಿದರು. ಸೋವಿಯತ್ ಒಕ್ಕೂಟವು ಒಡೆದು ಅಲ್ಲಿಯ ಮಾರುಕಟ್ಟೆಯು ಅಳ್ಳಾಡಿದ ಮೇಲೆ, 1990ರ ದಶಕದ ಕೊನೆಯಿಂದ ಹಸಿರೆಲೆಯ ಬೆಲೆ ನೆಲಕಚ್ಚಿತು. ಗಿಡದಿಂದ ಎಲೆ ಕೀಳಿಸುವ ಕೂಲಿಗೂ ಸಾಲದ ಬೆಲೆಯನ್ನು ಸಣ್ಣ ಬೆಳೆಗಾರರು ಎಷ್ಟೋ ವರ್ಷ ಕಂಡರು. ಸಾವಿರಾರು ಸಂಸಾರಗಳಿಗೆ ಅನ್ನವಿತ್ತಿದ್ದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿತು. 1964ರ ಒಪ್ಪಂದದಂತೆ ಸಿಂಹಳದಿಂದ ಹಿಂದಿರುಗಿ ತೋಟಗಳಲ್ಲಿ ನೆಲೆ ಕಂಡ ಕೂಲಿಗಾರರ ಮಕ್ಕಳೂ ಕೆಲಸವನ್ನರಸಿ ಕೊಯಮತ್ತೂರಿಗೂ ತಿರುಪ್ಪೂರಿಗೂ ಬೆಂಗಳೂರಿಗೂ ಇಳಿದರು. ನಾವು ತಂಪನ್ನರಸಿ ಮೇಲೇರುವ ರಸ್ತೆಯಲ್ಲಿಯೇ ಅವರು ಅನ್ನವನ್ನರಸಿ ಕೆಳಗಿಳಿಯುತ್ತಾರೆ.

ನೆಲದ ಅವಸ್ಥೆಯೂ ಇದಕ್ಕಿಂತ ಮೇಲಲ್ಲ. ಕನ್ನಡದಲ್ಲಿ ನಾವು 'ನೀಲಗಿರಿ ಮರ'ವೆಂದು ಕರೆಯುವ ಮರವು ನೀಲಗಿರಿಯದೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದಿಂದ ಸೌದೆಗಾಗಿ ತಂದು ನೆಟ್ಟ ಪರದೇಶಿ. ಆ ಬೆಟ್ಟಕ್ಕೆ ಸಹಜವಾದುದು ಕಣಿವೆಯ ಶೋಲಾ ಕಾಡು ಮತ್ತು ದಿಣ್ಣೆಯ ಹುಲ್ಲು. ಇವೆರಡೂ ಮುಂಗಾರಿನ ನೀರನ್ನು ಹೀರಿ ಹಿಡಿದುಕೊಂಡು ಬೇಸಗೆಯಲ್ಲಿ ತೊರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಅವುಗಳ ಜಾಗವನ್ನು ಪರದೇಶದ ಮರಗಳೂ ಚಹವೂ ಕಟ್ಟಡಗಳೂ ಆಕ್ರಮಿಸಿದಷ್ಟೂ ಬೇಸಗೆಯ ನೀರು ಕಡಮೆಯಾಗುವುದು. ಅತಿಥಿಗಳು ಬರುವುದಾದರೋ ಅದೇ ಬೇಸಗೆಯಲ್ಲಿ. ಮಳೆಗಾಲದಲ್ಲಿ ಇದರ ಫಲವು ಬೇರೆಯ ರೂಪವನ್ನು ತಾಳುವುದು. 2009ರ ನವೆಂಬರಿನಲ್ಲಿ ಭೂಮಿ ಜರಿದು ನಲವತ್ತಕ್ಕೂ ಹೆಚ್ಚು ಮಂದಿ ಮಡಿದರು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯಿತು. ಆಗ ಮಣ್ಣಿನಡಿ ಸಿಕ್ಕುವವರು ಅತಿಥಿಗಳಲ್ಲ. ಅತಿಥಿಗಳು ಜೂನ್ ತಿಂಗಳಲ್ಲಿಯೇ ಊರು ಸೇರಿರುತ್ತಾರೆ.

ಹೀಗಿರಲು ಮದರಾಸು ಉಚ್ಚ ನ್ಯಾಯಾಲಯವು ಮಧ್ಯೆ ಬಂದುದು ಸ್ತುತ್ಯವಾದ ಕಾರ್ಯ. 2024ರ ಮೇ 7ರಿಂದ ಹೊರಗಿನ ವಾಹನಗಳು ಮುಂಗಡವಾಗಿ ಇ-ಪಾಸ್ ಪಡೆದೇ ಬರಬೇಕೆಂದು ಅದು ವಿಧಿಸಿತು. 2025ರ ಏಪ್ರಿಲಿನಿಂದ ಜೂನಿನವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮಿತಿಯನ್ನೂ ಗೊತ್ತುಮಾಡಿತು. ಸ್ಥಳಿಕರ ಗಾಡಿಗಳಿಗೂ ಸರ್ಕಾರಿ ಬಸ್ಸುಗಳಿಗೂ ಬೆಳೆಯನ್ನು ಸಾಗಿಸುವ ಲಾರಿಗಳಿಗೂ ಈ ಮಿತಿಯಿಂದ ವಿನಾಯಿತಿ ದೊರೆಯಿತು. ಬೆಟ್ಟವು ಎಷ್ಟು ಭಾರವನ್ನು ಹೊರಬಲ್ಲುದೆಂಬ ಪರಿಶೀಲನೆಯನ್ನು ಮದರಾಸಿನ ಐ.ಐ.ಟಿ.ಗೂ ನಮ್ಮ ಬೆಂಗಳೂರಿನ ಐ.ಐ.ಎಂ.ಗೂ ಒಪ್ಪಿಸಲಾಯಿತು.

ಇದನ್ನು ವಿರೋಧಿಸಿ ಅಲ್ಲಿಯ ವರ್ತಕರು ಅಂಗಡಿಗಳನ್ನು ಮುಚ್ಚಿದರು. ಅವರನ್ನು ಲೋಭಿಗಳೆಂದು ಜರೆಯಲು ನಾವು ಸಿದ್ಧರಿಲ್ಲ. ಮೂರು ತಿಂಗಳ ವ್ಯಾಪಾರದಿಂದ ಹನ್ನೆರಡು ತಿಂಗಳ ಸಂಸಾರವನ್ನು ತೂಗಿಸಬೇಕಾದವನಿಗೆ ಒಂದು ವಾರದ ನಷ್ಟವೂ ಬೆಟ್ಟದಷ್ಟು ದೊಡ್ಡದು. ಆದರೆ ಆ ಮಿತಿಯು ಎಣಿಸುವುದು ವಾಹನಗಳನ್ನು, ಮನುಷ್ಯರನ್ನಲ್ಲವೆಂಬುದನ್ನು ಅವರು ಆಲೋಚಿಸಬೇಕು. ಐವತ್ತು ಮಂದಿ ಕಾರುಗಳಲ್ಲಿ ಬಂದರೆ ಹತ್ತು ಹನ್ನೆರಡು ಕಾರುಗಳು ಘಟ್ಟದಲ್ಲಿ ಸಾಲುಗಟ್ಟುತ್ತವೆ. ಅದೇ ಐವತ್ತು ಮಂದಿಗೆ ಒಂದು ಬಸ್ಸು ಸಾಕು. ಕಾರಿನಲ್ಲಿ ಬಂದವನು ಬೆಳಗ್ಗೆ ಏರಿ ಸಂಜೆ ಇಳಿದುಬಿಡಬಲ್ಲನು. ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಬಂದವನು ಪೇಟೆಯಲ್ಲಿ ನಡೆಯುತ್ತಾನೆ, ಅಂಗಡಿಯಲ್ಲಿ ಕೊಳ್ಳುತ್ತಾನೆ, ಛತ್ರದಲ್ಲಿಯೋ ಹೋಟೆಲಿನಲ್ಲಿಯೋ ತಂಗುತ್ತಾನೆ. ಆದುದರಿಂದ ವರ್ತಕರು ಕೇಳಬೇಕಾದುದು ಮಿತಿಯ ರದ್ದನ್ನಲ್ಲ; ಬಸ್ಸುಗಳ ಹೆಚ್ಚಳವನ್ನು.

ಇಷ್ಟರಿಂದಲೇ ಕಾರ್ಯವು ಮುಗಿಯಿತೆಂದು ನಾವು ತಿಳಿದಿಲ್ಲ. ವಾಹನಗಳನ್ನು ಎಣಿಸುವುದು ಸುಲಭ. ನ್ಯಾಯವನ್ನು ಅಳೆಯುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾಗಿ ಮೂರು ಕೆಲಸಗಳು ಆಗತಕ್ಕವು. ಮೊದಲನೆಯದು, ಅತಿಥಿಗಳಿಂದ ಬರುವ ಸುಂಕದ ಹಣವು ದೂರದ ಖಜಾನೆಯನ್ನು ಸೇರದೆ ಆ ಬೆಟ್ಟದ ಪೌರಸಭೆ ಪಂಚಾಯಿತಿಗಳ ನೀರಿಗೂ ನೈರ್ಮಲ್ಯಕ್ಕೂ ವಿನಿಯೋಗವಾಗಬೇಕು. ಎರಡನೆಯದು, ವರ್ಷದ ಬಹುಕಾಲ ಮುಚ್ಚಿರುವ ಬೇಸಗೆ ಮನೆಗಳ ಮೇಲೆ ಹೆಚ್ಚಿನ ತೆರಿಗೆಯನ್ನು ವಿಧಿಸಿ, ಹೊಸದಾಗಿ ಕಟ್ಟುವುದಕ್ಕೆ ಕಡಿವಾಣ ಹಾಕಬೇಕು. ಬಾಳುವವನ ಮನೆಗೂ ವಿನೋದದ ಮನೆಗೂ ಒಂದೇ ತೆರಿಗೆಯಿರುವುದು ಧರ್ಮವಲ್ಲ. ಮೂರನೆಯದೂ ಎಲ್ಲಕ್ಕಿಂತ ಮುಖ್ಯವೂ ಆದುದು, ಹಸಿರೆಲೆಗೆ ಮರ್ಯಾದೆಯ ಬೆಲೆ. ಹಟ್ಟಿಯ ಯುವಕನು ತನ್ನ ಹೊಲದಲ್ಲಿ ಬಾಳಬಲ್ಲನಾದರೆ ಅವನು ಅದನ್ನು ಹೋಟೆಲಿನವನಿಗೆ ಮಾರನು. ಹೊಲಗಳು ಉಳಿದರೆ ಬೆಟ್ಟ ಉಳಿಯುವುದು.

ನಮ್ಮ ಕಡೆಯವರೂ ಈ ವಿಷಯದಲ್ಲಿ ಕೇವಲ ಪ್ರೇಕ್ಷಕರಲ್ಲ. ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿಯ ಸಂಚಾರವನ್ನು ತಡೆದು, ಕಾಡಿನ ಪ್ರಾಣಿಗಳಿಗಾಗಿ ನಮ್ಮ ಅವಸರವನ್ನು ಹಿಡಿತದಲ್ಲಿಡಬಹುದೆಂದು ಕನ್ನಡ ನಾಡು ತೋರಿಸಿಕೊಟ್ಟಿದೆ. ಆನೆ ಹುಲಿಗಳಿಗೆ ಸಲ್ಲಿಸಿದ ಈ ಗೌರವವನ್ನು ಬೆಟ್ಟದ ಮನುಷ್ಯರಿಗೆ ಸಲ್ಲಿಸಲು ನಾವು ಹಿಂದೆಗೆಯಬಹುದೇ? 2018ರಲ್ಲಿ ಕೊಡಗಿನ ಬೆಟ್ಟಗಳು ಜರಿದುದನ್ನು ಕಂಡಿದ್ದೇವೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದುದರಿಂದ ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರಗಳ ಅಧಿಕಾರಿಗಳು ನೀಲಗಿರಿಯನ್ನು ನೆರೆಯ ರಾಜ್ಯದ ಸಮಾಚಾರವೆಂದು ಭಾವಿಸದೆ, ತಮ್ಮ ನಾಳೆಯ ಕನ್ನಡಿಯೆಂದು ತಿಳಿದು ಈಗಿನಿಂದಲೇ ಎಚ್ಚರಗೊಳ್ಳತಕ್ಕದ್ದು. ಸರ್ಕಾರದವರು ತಮ್ಮ ಸಭೆ ಸಮಾಲೋಚನೆಗಳಿಗೆ ಮೇ ತಿಂಗಳಲ್ಲಿಯೇ ಗಿರಿಧಾಮಗಳು ಏಕೆ ಬೇಕಾಗುತ್ತವೆಂಬುದನ್ನೂ ಸ್ವಲ್ಪ ವಿಮರ್ಶಿಸಿಕೊಂಡರೆ ಒಳ್ಳೆಯದು.

ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬುದು ನಮ್ಮ ಧರ್ಮ. ಆದರೆ ಈ ಉಪದೇಶವು ಮನೆಯವನಿಗೆ ಹೇಳಿದುದು; ಅತಿಥಿಗೆ ಬೇರೊಂದು ಧರ್ಮವಿದೆ. ಮನೆಯವನ ಕೊಡದ ಕೊನೆಯ ನೀರನ್ನು ಕುಡಿಯಬಾರದು, ಹೊತ್ತು ಮೀರಿ ನಿಲ್ಲಬಾರದು, ಉಂಡ ಎಲೆಯನ್ನು ಅಂಗಳದಲ್ಲಿ ಎಸೆಯಬಾರದು ಎಂಬುದನ್ನು ನಮ್ಮ ತಾಯಂದಿರು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದಾರೆ. ಮುಂದಿನ ಬೇಸಗೆಯಲ್ಲಿ ನೀಲಗಿರಿಗೆ ಹೋಗುವ ವಾಚಕರು ಸಂತೋಷವಾಗಿ ಹೋಗಿಬರಲಿ. ಸಾಧ್ಯವಾದರೆ ಬಸ್ಸಿನಲ್ಲಿ ಹೋಗಲಿ. ಒಂದು ಹಟ್ಟಿಯ ಮುಂದೆ ನಿಂತು ಅಲ್ಲಿಯ ಹಿರಿಯರನ್ನು ಮಾತನಾಡಿಸಲಿ. ಕಿವಿಗೊಟ್ಟು ಕೇಳಿದರೆ ಅವರ ನುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ತಮಗೆ ಅರ್ಥವಾಗುವುದು. ತಾವು ಏರಿದುದು ವಿಹಾರದ ಬೆಟ್ಟವನ್ನಲ್ಲ, ಬಂಧುಗಳ ಮನೆಯ ಮೆಟ್ಟಲನ್ನು ಎಂಬ ಅರಿವು ಆಗ ತಾನಾಗಿಯೇ ಮೂಡುವುದು.