ಶಾಲೆಯ ಸೂರಿಗೆ ಶಾಸಕರ ಶಿಫಾರಸು ಏಕೆ?

ಮುಂಬಯಿ ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿಯು 2022ರ ಮಾರ್ಚ್ 7ರಂದು ಮುಗಿದು, ಆಡಳಿತಾಧಿಕಾರಿಯೊಬ್ಬರೇ ಮಹಾಸಭೆಯೂ ಸ್ಥಾಯೀ ಸಮಿತಿಯೂ ಆಗಿ ಕುಳಿತಿದ್ದ ಕಾಲದಲ್ಲಿ, ಅಂದರೆ 2023ರ ಫೆಬ್ರುವರಿಯಲ್ಲಿ, ವಿಲಕ್ಷಣವಾದ ಏರ್ಪಾಡೊಂದು ಜಾರಿಗೆ ಬಂದಿತು. ನಗರದ 36 ಶಾಸಕರು ತಂತಮ್ಮ ಕ್ಷೇತ್ರಗಳ ಕಾಮಗಾರಿಗಳಿಗಾಗಿ ಪಾಲಿಕೆಯ ಬೊಕ್ಕಸದಿಂದಲೇ ತಲಾ 35 ಕೋಟಿ ರೂಪಾಯಿಗಳವರೆಗೆ ಕೇಳಬಹುದಾಗಿತ್ತು. ಆ ಕೇಳಿಕೆಗೆ ಉಸ್ತುವಾರಿ ಸಚಿವರ ಅನುಮೋದನೆ ಬೇಕಾಗಿತ್ತು. ಅನುಮೋದನೆ ದೊರೆತರೆ ಹಣ ಹರಿಯುತ್ತಿತ್ತು. ಹರಿದ ಪರಿ ಎಂತಹುದೆಂಬುದನ್ನು 2024ರ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ದಾಖಲೆಗಳ ಸಮೇತ ಬಯಲಿಗಿಟ್ಟಿತು: 2023ರ ಕೊನೆಯವರೆಗೆ ಆಳುವ ಪಕ್ಷಗಳ 21 ಶಾಸಕರ ಪಾಲಿಗೆ 500 ಕೋಟಿಗೂ ಮಿಕ್ಕಿದ ಹಣ, ವಿರೋಧಪಕ್ಷಗಳ 15 ಮಂದಿಗೆ ಸೊನ್ನೆ.

ಆಂಟಾಪ್ ಹಿಲ್‌ನವರಿಗೆ ಈ ಲೆಕ್ಕದಲ್ಲಿ ದೂರಲು ಏನಿದೆ, ಎಂದು ಯಾರಾದರೂ ಕೇಳಿಯಾರು. ಆ ಭಾಗದ ಸಾಯನ್ ಕೋಳಿವಾಡದ ಶಾಸಕರೂ ವಡಾಲದ ಶಾಸಕರೂ ಆಳುವ ಪಕ್ಷದವರೇ ಆಗಿರುವಾಗ, ಬಂದ ಲಕ್ಷ್ಮಿಯನ್ನು ಬೇಡವೆನ್ನುವುದು ಅವಿವೇಕವೆಂಬುದು ಹೀಗೆ ಕೇಳುವವರ ತರ್ಕ. ಆದರೆ ಸಾಯನ್‌ನ ಆಚೆ ಮಗ್ಗುಲಲ್ಲಿರುವ ಧಾರಾವಿಯನ್ನು ನೋಡಬೇಕು. ಅಲ್ಲಿನ ಶಾಸಕಿಯಾಗಿದ್ದ ವರ್ಷಾ ಗಾಯಕವಾಡರು ಸ್ವತಃ ಈ ರಾಜ್ಯದ ಶಾಲಾ ಶಿಕ್ಷಣ ಸಚಿವೆಯಾಗಿದ್ದವರು. ಅವರ ಕೇಳಿಕೆ ಫಲಿಸಲಿಲ್ಲ. ಮುಂಬಯಿ ಶಹರದ ಉಸ್ತುವಾರಿ ಸಚಿವರಾಗಿದ್ದ ದೀಪಕ ಕೇಸರಕರರಾದರೋ ಅದೇ ಕಾಲದಲ್ಲಿ ಶಾಲಾ ಶಿಕ್ಷಣ ಸಚಿವರೂ ಆಗಿದ್ದರು. ಕಲಬುರಗಿ, ವಿಜಯಪುರಗಳ ಕಡೆಯಿಂದ ಕೂಲಿ ಅರಸಿ ಬಂದ ಒಂದೇ ಮನೆತನದ ಅಣ್ಣ ಕೋಕ್ರಿ ಆಗರದಲ್ಲಿಯೂ ತಮ್ಮ ಧಾರಾವಿಯಲ್ಲಿಯೂ ಬಿಡಾರ ಹೂಡಿದ್ದರೆ, ಅಣ್ಣನ ಮಕ್ಕಳ ಓಣಿಗೆ ಚರಂಡಿಯೂ ತಮ್ಮನ ಮಕ್ಕಳ ಓಣಿಗೆ ಸೊನ್ನೆಯೂ ದೊರೆಯುವುದು ಯಾವ ನ್ಯಾಯ? ಇಬ್ಬರೂ ತೆರಿಗೆ ತೆರುವುದು ಒಂದೇ ಪಾಲಿಕೆಗೆ. ಮನೆಯ ಯಜಮಾನ ಊರಲ್ಲಿಲ್ಲದಾಗ ನೆರೆಯವನು ಕಣಜದ ಬೀಗ ತೆಗೆದು ತನ್ನ ನಂಟರಿಗಷ್ಟೇ ಭತ್ತ ಅಳೆದುಕೊಟ್ಟರೆ, ಪಡೆದ ನಂಟರು ಅದನ್ನು ಔದಾರ್ಯವೆಂದು ಹೊಗಳಬಾರದು.

ಚರಂಡಿಗೆ ಸಲ್ಲದ ಈ ರೀತಿ ಶಾಲೆಗಂತೂ ಸಲ್ಲದು: ಪ್ರಾಥಮಿಕ ಶಿಕ್ಷಣವು ಈ ನಗರದಲ್ಲಿ ಯಾರ ಅನುಗ್ರಹವೂ ಅಲ್ಲ. 1888ರ ಪಾಲಿಕಾ ಅಧಿನಿಯಮವೇ ಅದನ್ನು ಪಾಲಿಕೆಯ ಅವಶ್ಯಕರ್ತವ್ಯಗಳಲ್ಲಿ ಸೇರಿಸಿದೆ. ಅಷ್ಟೇ ಅಲ್ಲ, 1925ರಲ್ಲಿ ಪಾಲಿಕೆಯು ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗರೂಪದಲ್ಲಿ ಮೊದಲು ಜಾರಿಗೆ ತಂದದ್ದು ಶ್ರಮಜೀವಿಗಳ ವಸತಿಯಾದ ಎಫ್ ಮತ್ತು ಜಿ ವಾರ್ಡುಗಳಲ್ಲಿ. ಆಂಟಾಪ್ ಹಿಲ್ ಇರುವುದು ಎಫ್ ಉತ್ತರದಲ್ಲಿ, ಧಾರಾವಿ ಇರುವುದು ಜಿ ಉತ್ತರದಲ್ಲಿ. ಪರಕೀಯರ ಪ್ರಭುತ್ವದಲ್ಲಿಯೂ ಅಗತ್ಯವನ್ನು ನೋಡಿ ಜೋಡಿಯಾಗಿ ಆರಿಸಲ್ಪಟ್ಟ ಈ ಎರಡು ನೆರೆಕೇರಿಗಳನ್ನು, ನಮ್ಮವರೇ ಆಳುವ ಕಾಲದಲ್ಲಿ, ಶಾಸಕರ ಪಕ್ಷವನ್ನು ನೋಡಿ ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಿದ್ದು ಎಂತಹ ಪ್ರಗತಿ!

ಹಣದ ಅಭಾವವೆನ್ನೋಣವೆ? 2025-26ರ ಪಾಲಿಕೆಯ ಆಯವ್ಯಯ 74 ಸಾವಿರ ಕೋಟಿಗೂ ಮೀರಿದ್ದು. ಅದೇ ವರ್ಷದ ಶಿಕ್ಷಣದ ಆಯವ್ಯಯ ನಾಲ್ಕು ಸಾವಿರ ಕೋಟಿಗೆ ತುಸು ಕಡಿಮೆ. 2022ರ ಕೊನೆಯಲ್ಲಿ ಆರಂಭವಾದ ನಗರ ಸೌಂದರ್ಯೀಕರಣಕ್ಕೆ ಸುಮಾರು 1,700 ಕೋಟಿ ನಿಗದಿಯಾಗಿ, ಮರಗಳ ಕಾಂಡಕ್ಕೆ ಬಣ್ಣದ ದೀಪಗಳನ್ನು ಸುತ್ತಿದ್ದೂ ಆಯಿತು, ಆಕ್ಷೇಪಣೆಯು ನ್ಯಾಯಾಲಯದವರೆಗೂ ಹೋದ ಬಳಿಕ ಬಿಚ್ಚಿದ್ದೂ ಆಯಿತು. ಶಾಸಕರಿಗೆ ರಾಜ್ಯ ಸರ್ಕಾರವು ಕೊಡುವ ಸ್ಥಳೀಯ ವಿಕಾಸನಿಧಿ ಬೇರೆಯೇ ಇದೆ. ಅದು ಸಾಲದೆನಿಸಿದರೆ ಅವರು ವಿಧಾನಸಭೆಯಲ್ಲಿ ಎದ್ದು ನಿಂತು ರಾಜ್ಯದ ಖಜಾನೆಯಿಂದ ಮುಂಬಯಿಯ ಶಾಲೆಗಳಿಗೆ ಹೆಚ್ಚಿನ ಅನುದಾನವನ್ನು ಬೇಡಲಿ. ಅದಕ್ಕಾಗಿಯೇ ಜನ ಅವರನ್ನು ಆರಿಸಿದ್ದಾರೆ. ಪಾಲಿಕೆಯ ಹಣವನ್ನೇ ಪಡೆದು ಅದರ ಮೇಲೆ ತಮ್ಮ ಹೆಸರಿನ ಫಲಕವನ್ನು ನಿಲ್ಲಿಸುವುದು ಶಾಸನಸಭೆಯ ಸದಸ್ಯರ ಕಾರ್ಯವಲ್ಲ.

ಪಾಲಿಕೆಯ ಚುನಾಯಿತ ಸದಸ್ಯರಾದ ನಗರಸೇವಕರು ಮಾತ್ರ ಸಾಧುಗಳೇ ಎಂಬ ಪ್ರತಿವಾದವುಂಟು. ಅಲ್ಲ. ಅವಿಭಕ್ತ ಶಿವಸೇನೆಯ ಕೈಯಲ್ಲಿ ಸ್ಥಾಯೀ ಸಮಿತಿ ಇದ್ದಾಗ ತನ್ನವರ ಎಲೆಗೇ ಹೆಚ್ಚು ಬಡಿಸಿತೆಂದು ಭಾರತೀಯ ಜನತಾ ಪಕ್ಷವೇ ಗೋಳಾಡಿತ್ತು. ಆ ಗೋಳು ಸಕಾರಣವೂ ಆಗಿತ್ತು. ಆದರೆ ಆ ಪಕ್ಷಪಾತ ಸಭೆಯಲ್ಲಿ ನಡೆಯುತ್ತಿತ್ತು, ಎದುರಾಳಿ ಎದ್ದು ಕೂಗಬಹುದಾಗಿತ್ತು. 2023ರ ಪಕ್ಷಪಾತವು ಕಡತದೊಳಗೆ ನಡೆಯಿತು, ಅದರ ಲೆಕ್ಕವನ್ನು ಪತ್ರಿಕೆಯವರು ಅಗೆದು ತೆಗೆಯಬೇಕಾಯಿತು.

ಈ ರೀತಿಯಿಂದ ಮೊದಲು ಸೊರಗುವುದು ಮತಗಣನೆಯಲ್ಲಿ ಹಗುರವಾದವರು. ಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ; ಕನ್ನಡವೂ ಅವುಗಳಲ್ಲೊಂದು. ವರ್ಷವರ್ಷಕ್ಕೂ ಮಕ್ಕಳು ಕಡಿಮೆಯಾಗುತ್ತಿರುವ ಕನ್ನಡ ತರಗತಿಯ ಸೋರುವ ಸೂರಿಗಾಗಿ ಯಾವ ಶಾಸಕರು ಸಚಿವರ ಬಾಗಿಲು ತಟ್ಟಿಯಾರು? ನಿಯಮದಿಂದ ಬರಬೇಕಾದದ್ದನ್ನು ಯಾಚನೆಯಿಂದ ಪಡೆಯುವ ಪದ್ಧತಿ ಬೇರೂರಿದರೆ, ಯಾಚಿಸಲು ಬಲವಿಲ್ಲದ ಭಾಷೆಯ ಮಕ್ಕಳಿಗೆ ಉಳಿಯುವುದು ಮುಚ್ಚಿದ ಕದವೇ.

2026ರ ಜನವರಿಯ ಚುನಾವಣೆಯಿಂದ ಪಾಲಿಕೆಗೆ ಮತ್ತೆ 227 ನಗರಸೇವಕರು ದೊರೆತಿದ್ದಾರೆ. ಶಾಸಕರ ಪತ್ರದ ಮೇಲೆ ಪಾಲಿಕೆಯ ಹಣ ಹಂಚುವ ಪದ್ಧತಿ ಇನ್ನೆಂದೂ ಸಲ್ಲದೆಂದು ಅವರು ಠರಾವು ಮಾಡಬೇಕು. ಪ್ರತಿ ವಾರ್ಡಿನ ಶಾಲೆಗಳ ದುರಸ್ತಿಯ ಪಟ್ಟಿಯನ್ನು, ಅಗತ್ಯದ ಕ್ರಮದಲ್ಲಿ, ವಾರ್ಡ್ ಸಮಿತಿಯ ಮುಂದೆ ಬಹಿರಂಗವಾಗಿ ಇಡಬೇಕು. ಎಫ್ ಉತ್ತರ ವಾರ್ಡಿನ ಕಚೇರಿ ಮಾಟುಂಗದ ಭಾವು ದಾಜಿ ರಸ್ತೆಯಲ್ಲಿದೆ, ಮೈಸೂರು ಅಸೋಸಿಯೇಷನ್ ಇರುವ ರಸ್ತೆಯೇ ಅದು. ಅಸೋಸಿಯೇಷನ್ನಿಗೆ ನಾಟಕ, ಉಪನ್ಯಾಸಗಳಿಗೆಂದು ಹೋಗುವ ಕನ್ನಡ ಬಂಧುಗಳು ಒಂದು ದಿನ ತುಸು ಬೇಗನೆ ಹೊರಟು, ವಾರ್ಡ್ ಕಚೇರಿಯ ಮೆಟ್ಟಿಲನ್ನೂ ಹತ್ತಿ, ಆ ಪಟ್ಟಿಯನ್ನು ಲಿಖಿತವಾಗಿ ಕೇಳಬೇಕೆಂದು ನನ್ನ ಪ್ರಾರ್ಥನೆ.