ಭತ್ತದ ಗರಿ, ರಾಗಿಯ ಗರಿ

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ನರೆದಲೆಗವೆಂಬ ರಾಗಿಗೂ ನಡೆದ ವ್ಯಾಜ್ಯವನ್ನು ಕನ್ನಡಿಗರು ಬಲ್ಲರು. ತಮ್ಮಲ್ಲಿ ಯಾರು ಮೇಲೆಂಬ ಜಗಳ ತೀರದಿರಲು ಶ್ರೀರಾಮನು ಎರಡನ್ನೂ ಆರು ತಿಂಗಳ ಕಾಲ ಸೆರೆಯಲ್ಲಿರಿಸಿದನು. ಅವಧಿ ಮುಗಿದಾಗ ಭತ್ತ ಸತ್ತ್ವಗುಂದಿತ್ತು. ರಾಗಿ ಇದ್ದಂತೆಯೇ ಇತ್ತು. ತೀರ್ಪು ರಾಗಿಯ ಪರವಾಯಿತು. ಅಲ್ಲಿ ಪರೀಕ್ಷೆಗೆ ಒಳಗಾದದ್ದು ಕಾಳು ಮಾತ್ರ. ಎಲೆಯನ್ನು ಕರೆದು ಸಾಕ್ಷ್ಯ ಕೇಳಿದ್ದರೆ ಏನಾಗುತ್ತಿತ್ತು? ಸೂಕ್ಷ್ಮದರ್ಶಕವೆಂಬ ಸಾಧನವಿಲ್ಲದೆ ಆ ಸಾಕ್ಷಿ ಬಾಯಿ ಬಿಡುವಂತಿರಲಿಲ್ಲ.

ಭತ್ತ, ರಾಗಿ, ಜೋಳ, ಕಬ್ಬು, ಮೆಕ್ಕೆಜೋಳ ಇವೆಲ್ಲವೂ ಏಕದಳ ಸಸ್ಯಗಳು. ಎಲ್ಲವೂ ಹುಲ್ಲಿನ ಕುಲಕ್ಕೆ ಸೇರಿದವು. ನೀಳವಾದ ಗರಿ, ಬುಡದಿಂದ ತುದಿಯವರೆಗೆ ಸಾಲಾಗಿ ಹರಿದ ನರಗಳು. ಹೊರನೋಟಕ್ಕೆ ಒಡಹುಟ್ಟಿದವರೇ ಸರಿ. ಹರಿತವಾದ ಅಲಗಿನಿಂದ ಗರಿಯನ್ನು ಬೆಳಕು ತೂರಿ ಬರುವಷ್ಟು ತೆಳ್ಳಗೆ ಅಡ್ಡಲಾಗಿ ಕೊಯ್ದು ನೋಡಿದರೂ ಮೊದಲಿಗೆ ಕಾಣುವುದು ಹೋಲಿಕೆಯೇ. ಮೇಲೊಂದು ಕೆಳಗೊಂದು ಹೊರಚರ್ಮ. ಅದರ ಮೇಲೆ ಮೇಣದಂಥ ಲೇಪ. ಗಾಳಿಯಾಡುವ ಪತ್ರರಂಧ್ರಗಳು ಎರಡು ಮುಖಗಳಲ್ಲಿಯೂ ಇವೆ. ಮಾವಿನಂಥ ಗಿಡಗಳ ಎಲೆ ಅಡ್ಡಲಾಗಿ ಹರಡಿರುವುದರಿಂದ ಬಿಸಿಲು ಬೀಳುವ ಮುಖ ಬೇರೆ, ನೆರಳಿನ ಮುಖ ಬೇರೆ. ರಂಧ್ರಗಳು ಬಹುಪಾಲು ನೆರಳಿನ ಕಡೆ. ನೆಟ್ಟಗೆ ನಿಂತ ಗರಿಗೆ ಅಂಥ ಭೇದ ಅಷ್ಟಾಗಿ ಇಲ್ಲ. ಆದುದರಿಂದ ಅದರ ಒಳತಿರುಳು ಕಂಬಸಾಲು, ಸಡಿಲು ಪದರವೆಂದು ಎರಡಾಗಿ ಒಡೆಯದೆ ಹೆಚ್ಚುಕಡಮೆ ಒಂದೇ ಬಗೆಯ ಜೀವಕೋಶಗಳಿಂದ ತುಂಬಿರುತ್ತದೆ. ತಿರುಳಿನ ನಡುವೆ ಸಾಲುಗಟ್ಟಿ ನಿಂತ ನಾಳಗಳ ಕಟ್ಟುಗಳೇ ನರಗಳು. ಬೇರಿನಿಂದ ನೀರು ತರುವ ನಾಳ ಅವುಗಳಲ್ಲಿ ಮೇಲ್ಗಡೆಗೆ. ತಯಾರಾದ ಸಕ್ಕರೆಯನ್ನು ಒಯ್ಯುವ ನಾಳ ಕೆಳಗಡೆಗೆ. ಗದ್ದೆಯ ಬದುವಿನಲ್ಲಿ ನಡೆಯುವವರ ಕಾಲನ್ನು ಗರಿಯ ಅಂಚು ಗೀರುವುದುಂಟಷ್ಟೆ, ಅದು ಹೊರಚರ್ಮದಲ್ಲಿ ನೆಲೆಸಿದ ಸಿಲಿಕದ ಪ್ರಭಾವ.

ಏಕದಳ ಸಸ್ಯದ ಎಲೆಯೆಂದರೆ ಹೀಗೆಯೇ ಎಂದು ಪಠ್ಯಪುಸ್ತಕಗಳು ಸಾರುತ್ತವೆ. ಇದರಲ್ಲಿ ಕೊಂಚ ಅವಸರವಿದೆ. ಬಾಳೆಯೂ ಏಕದಳವೇ, ಆದರೆ ಊಟಕ್ಕೆ ಹಾಸುವ ಆ ಅಗಲವಾದ ಎಲೆಯಲ್ಲಿ ಮೇಲುಮುಖ ಕೆಳಮುಖಗಳ ಭೇದ ಸ್ಪಷ್ಟವಾಗಿದೆ, ಕಂಬಸಾಲಿನ ಪದರವೂ ಇದೆ, ರಂಧ್ರಗಳೂ ಕೆಳಮುಖದಲ್ಲಿಯೇ ಹೆಚ್ಚು. ಮೆಕ್ಕೆಜೋಳದ ಗರಿಯೊಂದನ್ನು ಕೊಯ್ದು ನೋಡಿ ಇಡೀ ಬಳಗಕ್ಕೇ ಜಾತಕ ಬರೆದಂತಾಗಿದೆ.

ಹುಲ್ಲಿನ ಗರಿಗಳ ಮೇಲ್ಪದರದಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಲ್ಲಿ ಬೀಸಣಿಗೆಯಂತೆ ಗುಂಪುಗೂಡಿದ, ಉಬ್ಬಿದ, ಬಣ್ಣವಿಲ್ಲದ ದೊಡ್ಡ ಕೋಶಗಳು ನೀರು ತುಂಬಿಕೊಂಡಿರುತ್ತವೆ. ಬಿಸಿಲೇರಿ ನೀರು ಸಾಲದಾದಾಗ ಇವು ಸೊರಗಿ ಕುಗ್ಗುತ್ತವೆ. ಗರಿ ಚಾಪೆಯಂತೆ ಒಳಕ್ಕೆ ಸುರುಳಿಗೊಳ್ಳುತ್ತದೆ. ಬಿಸಿಲಿಗೆ ಒಡ್ಡಿದ ಮೈ ಕಿರಿದಾಗುತ್ತದೆ. ಮಳೆ ತಡವಾದ ವರ್ಷ ನಡುಹಗಲಿನಲ್ಲಿ ಜೋಳದ ಹೊಲದ ಮುಂದೆ ನಿಂತ ರೈತನು ಸುರುಳಿಸುತ್ತಿದ ಗರಿಗಳನ್ನು ಕಂಡು ನಿಟ್ಟುಸಿರಿಡುತ್ತಾನೆ. ಮರುದಿನ ಬೆಳಗ್ಗೆ ಗರಿ ಬಿಚ್ಚಿಕೊಂಡಿದ್ದರೆ ಬೆಳೆಗೆ ಇನ್ನೂ ಜೀವವಿದೆಯೆಂದು ಅವನಿಗೆ ಗೊತ್ತು.

ಈ ಉಪಾಯ ಭತ್ತಕ್ಕೂ ಗೊತ್ತು, ರಾಗಿಗೂ ಗೊತ್ತು. ಅವುಗಳ ನಿಜವಾದ ಭೇದವಿರುವುದು ನರಗಳ ಸುತ್ತ. ಭತ್ತದ ಗರಿಯಲ್ಲಿ ಪ್ರತಿಯೊಂದು ನಾಳದ ಕಟ್ಟನ್ನೂ ಸುತ್ತುವರಿದ ಕೋಶಗಳ ಬಳೆ ಬಹುಮಟ್ಟಿಗೆ ಬರಿದಾಗಿ, ಮಂಕಾಗಿ ಕಾಣುತ್ತದೆ. ಹಸಿರೆಲ್ಲ ಹೊರಗಿನ ತಿರುಳಿನಲ್ಲಿ. ರಾಗಿಯ ಗರಿಯಲ್ಲಿ ಅದೇ ಬಳೆ ದೊಡ್ಡ ದೊಡ್ಡ ಕೋಶಗಳಿಂದ ಕೂಡಿ ಕಡುಹಸಿರಾಗಿ ಹೊಳೆಯುತ್ತದೆ. ಅದರ ಸುತ್ತ ತಿರುಳಿನ ಕೋಶಗಳು ಕಿರಣಗಳಂತೆ ಇನ್ನೊಂದು ಸುತ್ತು ಕಟ್ಟಿರುತ್ತವೆ. ನರಗಳೂ ಒತ್ತೊತ್ತಾಗಿವೆ. ಮೆಕ್ಕೆಜೋಳದಲ್ಲಂತೂ ಒಂದು ಬಳೆಗೂ ಪಕ್ಕದ ಬಳೆಗೂ ನಡುವೆ ಸಾಮಾನ್ಯವಾಗಿ ಎರಡೇ ತಿರುಳುಕೋಶಗಳು. ಈ ಬಳೆಗಳಲ್ಲಿಯೂ ಮನೆತನದ ವ್ಯತ್ಯಾಸವುಂಟು: ಹಸಿರು ಕಣಗಳು ಜೋಳದಲ್ಲಿ ಬಳೆಕೋಶದ ಹೊರಗೋಡೆಗೆ ಒರಗಿದ್ದರೆ, ರಾಗಿಯಲ್ಲಿ ನಾಳದ ಕಡೆಯ ಒಳಗೋಡೆಗೆ ಒತ್ತಿಕೊಂಡಿರುತ್ತವೆ.

ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಗಾಟ್ಲೀಬ್ ಹೇಬರ್‌ಲಾಂಟ್ 1880ರ ದಶಕದಲ್ಲಿಯೇ ಇದನ್ನು ಕಂಡು ‘ಕ್ರಾಂಟ್ಸ್’ ಎಂದು ಕರೆದನು. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಹೂವಿನ ದಂಡೆ. ಎರಡು ಸುತ್ತುಗಳ ನಡುವೆ ಯಾವುದೋ ಕೆಲಸದ ಹಂಚಿಕೆ ಇರಬೇಕೆಂದು ಆತ ಊಹಿಸಿದನು. ಆ ಊಹೆಗೆ ಉತ್ತರ ಸಿಗಲು ಎಂಬತ್ತು ವರ್ಷ ಹಿಡಿಯಿತು. 1965ರಲ್ಲಿ ಹವಾಯಿ ದ್ವೀಪದ ಸಂಶೋಧಕರು ಕಬ್ಬಿನ ಎಲೆಯಲ್ಲಿ ಇಂಗಾಲವು ಮೊದಲು ಸೇರುವುದು ಎಲ್ಲರೂ ನಂಬಿದ್ದ ಮೂರು ಇಂಗಾಲದ ವಸ್ತುವಿಗಲ್ಲ, ನಾಲ್ಕು ಇಂಗಾಲದ ಆಮ್ಲಗಳಿಗೆ ಎಂದು ಪ್ರಕಟಿಸಿದರು. ಮರುವರ್ಷ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಹ್ಯಾಚ್ ಮತ್ತು ಸ್ಲಾಕ್ ಅದರ ಹಾದಿಯನ್ನು ಬಿಡಿಸಿ ಹೇಳಿದರು.

ಎಲೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವದ ಹೆಸರು ರುಬಿಸ್ಕೋ. ಜಗತ್ತಿಗೆ ಅನ್ನ ಕೊಡುವ ಈ ಕಿಣ್ವ ಕೆಲಸದಲ್ಲಿ ನಿಧಾನಿ. ಸಾಲದ್ದಕ್ಕೆ ಕಣ್ಣೂ ಮಂಜು. ಬಿಸಿಲು ಹೆಚ್ಚಿ, ನೀರು ಉಳಿಸಲೆಂದು ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಂಡಾಗ ಒಳಗೆ ಇಂಗಾಲದ ಡೈಆಕ್ಸೈಡು ಕಡಮೆಯಾಗಿ ಆಮ್ಲಜನಕವೇ ಹೆಚ್ಚಾಗುತ್ತದೆ. ಆಗ ಅದು ಆಮ್ಲಜನಕವನ್ನೇ ಹಿಡಿಯುತ್ತದೆ. ಈ ತಪ್ಪನ್ನು ತಿದ್ದುವುದರಲ್ಲಿ ಭತ್ತದಂಥ ಗಿಡ ಗಳಿಸಿದ ಇಂಗಾಲದಲ್ಲಿ ಕಾಲುಪಾಲಿನಷ್ಟನ್ನು ಕಳೆದುಕೊಳ್ಳಬಹುದು. ರಾಗಿ ಈ ಮಂಕುಗಣ್ಣಿನ ಕಿಣ್ವವನ್ನು ಬಳೆಯೊಳಗೆ ಕೂಡಿಹಾಕಿದೆ. ಹೊರಸುತ್ತಿನ ಕೋಶಗಳಲ್ಲಿ ಆಮ್ಲಜನಕಕ್ಕೆ ಮರುಳಾಗದ ಬೇರೊಂದು ಕಿಣ್ವ ಇಂಗಾಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿಸುತ್ತದೆ. ಆ ಆಮ್ಲ ಬಳೆಯೊಳಕ್ಕೆ ಸಾಗಿ ಅಲ್ಲಿ ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ದಟ್ಟವಾಗಿ ತುಂಬಿರುವಾಗ ರುಬಿಸ್ಕೋ ತಪ್ಪುವುದು ತೀರ ಕಡಮೆ. ರಂಧ್ರವನ್ನು ಅರೆತೆರೆದಿಟ್ಟರೂ ಕೆಲಸ ಸಾಗುವುದರಿಂದ, ಒಂದೇ ತೂಕದ ಬೆಳವಣಿಗೆಗೆ ಇಂಥ ಗಿಡ ಸಾಮಾನ್ಯವಾಗಿ ಭತ್ತದಂಥ ಗಿಡ ಬಳಸುವ ನೀರಿನ ಅರ್ಧದಷ್ಟರಲ್ಲಿ ತೃಪ್ತಿ ಹೊಂದುತ್ತದೆ. ಕೋಲಾರ, ತುಮಕೂರುಗಳ ಮಳೆಯಾಶ್ರಯದ ಕೆಮ್ಮಣ್ಣಿನಲ್ಲಿ ರಾಗಿ, ವಿಜಯಪುರದ ಎರೆಭೂಮಿಯಲ್ಲಿ ಮಳೆಗಾಲ ಉಳಿಸಿಹೋದ ತೇವವನ್ನೇ ನಂಬಿ ಹಿಂಗಾರಿಯ ಬಿಳಿಜೋಳ, ಹೀಗೆ ಒಣನಾಡಿನ ಮನೆಗಳ ಮುದ್ದೆ ರೊಟ್ಟಿಗಳು ಬಹಳಮಟ್ಟಿಗೆ ಈ ಬಳೆಯ ಋಣದಲ್ಲಿವೆ.

ಹಾಗೆಂದು ಭತ್ತವನ್ನು ಹಳಿಯುವುದು ನ್ಯಾಯವಲ್ಲ. ಆಮ್ಲವನ್ನು ಒಳಗೆ ಸಾಗಿಸುವ ಈ ಏರ್ಪಾಡಿಗೆ ಹೆಚ್ಚಿನ ಶಕ್ತಿ ವೆಚ್ಚವಾಗುತ್ತದೆ. ತಂಪು ಹವೆಯಲ್ಲಿ ಆ ವೆಚ್ಚ ಗಿಟ್ಟದು. ಗೋಧಿ ಬಳೆಯ ಗೊಡವೆಯಿಲ್ಲದೆಯೇ ಚಳಿಗಾಲದಲ್ಲಿ ಸೊಗಸಾಗಿ ಬೆಳೆಯುತ್ತದೆ. ಭತ್ತದ ತಿರುಳುಕೋಶಗಳೂ ಪೆದ್ದಲ್ಲ: ಅವುಗಳ ಅಂಚು ಬೆರಳುಬೆರಳಾಗಿ ಚಾಚಿಕೊಂಡು, ಗೋಡೆಯುದ್ದಕ್ಕೂ ಹಸಿರು ಕಣಗಳು ಬೇಲಿಯಂತೆ ನಿಂತು, ಒಳಗಿನಿಂದ ತಪ್ಪಿಸಿಕೊಂಡು ಹೊರಡುವ ಇಂಗಾಲದಲ್ಲಿ ಒಂದಷ್ಟನ್ನು ಮತ್ತೆ ಹಿಡಿಯುತ್ತವೆ. ನೀರು ನಿಂತ ಗದ್ದೆಯಲ್ಲಿ ಹುಟ್ಟಿದವನಿಗೆ ಅಷ್ಟು ಮಿತವ್ಯಯ ಸಾಕಾಗಿತ್ತು.

ಆದರೆ ಗದ್ದೆಗೆ ನೀರು ಸಿಗುವುದೇ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ; ಉಣ್ಣುವವರೋ ಹೆಚ್ಚುತ್ತಿದ್ದಾರೆ. ರಾಗಿಯಲ್ಲಿರುವಂಥ ಬಳೆಯನ್ನು ಭತ್ತದ ಗರಿಯಲ್ಲಿ ಕೂರಿಸಲಾದೀತೆ ಎಂಬ ಪ್ರಶ್ನೆ ಹುಟ್ಟಿದ್ದು ಈ ಚಿಂತೆಯಿಂದ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 2008ರ ಸುಮಾರಿಗೆ ಆರಂಭವಾದ ಪ್ರಯತ್ನ ಮುಂದೆ ಆಕ್ಸ್‌ಫರ್ಡಿನ ನೇತೃತ್ವದಲ್ಲಿ ಸಾಗಿತು. ಹುಲ್ಲಿನ ಕುಲದಲ್ಲಿಯೇ ಇಪ್ಪತ್ತಕ್ಕೂ ಮಿಕ್ಕಿ ಸಲ ಪ್ರಕೃತಿ ಈ ಬಳೆಯನ್ನು ಬೇರೆಬೇರೆಯಾಗಿ ಕಟ್ಟಿಕೊಂಡಿದೆಯೆಂಬುದು ಅವರ ಧೈರ್ಯ. 2017ರಲ್ಲಿ ಮೆಕ್ಕೆಜೋಳದ ಜೀನನ್ನು ಭತ್ತಕ್ಕೆ ಸೇರಿಸಿದಾಗ ನರದ ಸುತ್ತಲಿನ ಮಂಕು ಕೋಶಗಳಲ್ಲಿ ಹಸಿರು ಕಣಗಳು ಮೊದಲಿಗಿಂತ ಹೆಚ್ಚಾಗಿ ಬೆಳೆದುವು. ಕಿಣ್ವಗಳನ್ನು ಒಂದೊಂದಾಗಿ ಸೇರಿಸುವುದೂ ನಡೆದಿದೆ. ಕಷ್ಟವಾಗಿರುವುದು ಮನೆಯ ವಿನ್ಯಾಸವನ್ನೇ ಬದಲಿಸುವುದು: ದೂರದೂರವಿರುವ ನರಗಳನ್ನು ಹತ್ತಿರಕ್ಕೆ ತರಬೇಕು, ನಡುವಣ ತಿರುಳುಕೋಶಗಳನ್ನು ಎರಡು ಮೂರಕ್ಕೆ ಇಳಿಸಬೇಕು. ಎಳೆಯ ಗರಿ ಸುಳಿಯೊಳಗೆ ಇನ್ನೂ ಮಡಿಸಿಕೊಂಡಿರುವಾಗಲೇ, ಯಾವ ಕೋಶ ನರವಾಗಬೇಕು, ಯಾವುದು ತಿರುಳಾಗಬೇಕು ಎಂಬುದು ನಿರ್ಧಾರವಾಗಿಬಿಡುತ್ತದೆ. ಸಂಶೋಧಕರ ಸೂಕ್ಷ್ಮದರ್ಶಕ ಈಗ ಆ ಸುಳಿಯ ಮೇಲಿದೆ.